ಮಡಚುವ ಸೈಕಲ್ಲನ್ನು ಹಗುರವಾಗಿ ಕಟ್ಟಿಕೊಳ್ಳುವ ಬಗೆ

ಮಡಚುವ ಸೈಕಲ್ ಕೊಂಡವರು ಕೆಲವು ತಿಂಗಳ ನಂತರ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಸೈಕಲ್ಲನ್ನು ಮಡಚಿದ ಮೇಲೂ ಹೊತ್ತು ಮೆಟ್ಟಿಲೇರುವುದು ಕಷ್ಟ, ಬಸ್ಸಿನ ಡಿಕ್ಕಿಗೆ ಎತ್ತಿಡುವುದು ಇನ್ನೂ ಕಷ್ಟ. ಯಾವ ಭಾಗ ಬದಲಿಸಿದರೆ ಹಗುರವಾದೀತು? ನಮ್ಮ ಕಡೆಯವರಿಗೆ ಈ ಪ್ರಶ್ನೆ ಬರುವುದು ಸಹಜವೇ ಆಗಿದೆ. ಬೆಳಗಾವಿಯು ಮೀರಜ್–ಲೋಂಡಾ ರೈಲುಮಾರ್ಗದಲ್ಲಿದೆ, ಬಾಗಲಕೋಟೆ ಮತ್ತು ವಿಜಯಪುರಗಳು ಗದಗ–ಹೋಟಗಿ ಮಾರ್ಗದಲ್ಲಿವೆ. ಹೀಗಾಗಿ ಬೆಳಗಾವಿಯಿಂದ ಆ ಎರಡು ಊರುಗಳಿಗೆ ಹೋಗುವವರು ಹೆಚ್ಚಾಗಿ ಬಸ್ಸನ್ನೇ ಹಿಡಿಯುತ್ತಾರೆ, ಇಳಿದ ಮೇಲೆ ಊರೊಳಗಿನ ನಾಲ್ಕೈದು ಕಿಲೋಮೀಟರಿಗೆ ಸೈಕಲ್ ಬೇಕಾಗುತ್ತದೆ.

ಸಾಮಾನ್ಯವಾದ 20 ಇಂಚಿನ ಅಲ್ಯೂಮಿನಿಯಂ ಮಡಚುವ ಸೈಕಲ್, ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಸಹಿತ 12ರಿಂದ 13 ಕೆ.ಜಿ. ತೂಗುತ್ತದೆ. ಅದನ್ನು 9.5ರಿಂದ 10 ಕೆ.ಜಿ.ಗೆ ಇಳಿಸುವುದು ಮನೆಯಲ್ಲಿಯೇ ಸಾಧ್ಯವಿರುವ ಕೆಲಸ. ಅದಕ್ಕಿಂತ ಕೆಳಗೆ ಇಳಿಸಲು ಹೊರಟರೆ ಪ್ರತಿ ನೂರು ಗ್ರಾಮಿಗೆ ತೆರಬೇಕಾದ ಹಣ ಏರುತ್ತ ಹೋಗುತ್ತದೆ, ಭಾಗಗಳ ಆಯುಷ್ಯ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಈ ಲೇಖನವನ್ನು ಆ ಗುರಿಗಷ್ಟೇ ಸೀಮಿತಗೊಳಿಸಿದ್ದೇನೆ. ಉಕ್ಕಿನ ಚೌಕಟ್ಟಿನ ಸೈಕಲ್ ಇದ್ದವರಿಗೂ ಹಂತಗಳು ಇವೇ, ಆದರೆ ಕೊನೆಯ ತೂಕ ಒಂದೂವರೆ ಎರಡು ಕೆ.ಜಿ. ಹೆಚ್ಚೇ ಉಳಿಯುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನೀವು ಕೊಳ್ಳಬೇಕೆಂದಿರುವ ಭಾಗಗಳ ಒಟ್ಟು ಬೆಲೆ ಸೈಕಲ್ಲಿನ ಮೂಲ ಬೆಲೆಯನ್ನು ದಾಟುವುದಾದರೆ, ಅದನ್ನು ಮಾರಿ ಮೊದಲೇ ಹಗುರವಾಗಿರುವ ಸೈಕಲ್ ಕೊಳ್ಳುವುದೇ ಜಾಣತನ. ವಿದೇಶದಿಂದ ತರಿಸುವ ಭಾಗಗಳಿಗೆ ಸಾಗಣೆ ಮತ್ತು ಸುಂಕವನ್ನೂ ಸೇರಿಸಿ ಲೆಕ್ಕ ಹಾಕಿ.

ಬೇಕಾಗುವ ಸಲಕರಣೆಗಳು

4, 5, 6 ಮತ್ತು 8 ಮಿ.ಮೀ. ಅಲೆನ್ ಕೀಗಳು, ಪೆಡಲ್ ಬಿಚ್ಚಲು 15 ಮಿ.ಮೀ. ಪಾನಾ, ಕ್ರ್ಯಾಂಕ್ (ಪೆಡಲ್ ಕೂಡಿಸಿದ ತೋಳು) ಎಳೆಯುವ ಪುಲ್ಲರ್, ಚೈನ್ ಕಟರ್, ಕೇಬಲ್ ಕಟರ್, ಹಿಂದಿನ ಗೇರುಗಳ ಗುಚ್ಛವನ್ನು ಬಿಚ್ಚುವ ಸಾಧನ, ಗ್ರೀಸ್. ಇವುಗಳ ಜೊತೆಗೆ ಹಲವರು ಬಿಟ್ಟುಬಿಡುವ ಮೂರು ವಸ್ತುಗಳು ಬೇಕು. ಒಂದು, ಲಗೇಜು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ. ಎರಡು, ವರ್ನಿಯರ್ ಕ್ಯಾಲಿಪರ್, ಅಂದರೆ ಮಿಲಿಮೀಟರಿನ ಭಾಗಗಳನ್ನೂ ತೋರಿಸುವ ಅಳತೆ ಸಾಧನ. ಮೂರು, ಟಾರ್ಕ್ ಪಾನಾ, ಅಂದರೆ ಬೋಲ್ಟು ಎಷ್ಟು ಬಿಗಿಯಾಗಿದೆ ಎಂಬುದನ್ನು ನ್ಯೂಟನ್ ಮೀಟರ್ ಎಂಬ ಅಂಕಿಯಲ್ಲಿ ತೋರಿಸುವ ಪಾನಾ. ಬೆಳಗಾವಿಯವರಿಗೆ ಉದ್ಯಮಬಾಗದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುವ ಪರಿಚಯದವರು ಯಾರಾದರೂ ಇದ್ದೇ ಇರುತ್ತಾರೆ. ವರ್ನಿಯರನ್ನು ಒಂದು ದಿನದ ಮಟ್ಟಿಗೆ ಅವರಿಂದ ತಂದರೂ ಸಾಕು.

ಹಂತ 1: ತೂಗಿ ನೋಡಿ, ಬೇಡವಾದದ್ದನ್ನು ಕಳಚಿ

ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿ ತೂಕ ಬರೆದುಕೊಳ್ಳಿ. ನಂತರ ಸ್ಟ್ಯಾಂಡ್, ಕ್ಯಾರಿಯರ್, ಚೈನ್ ಕವರ್, ಗಂಟೆ, ಪ್ರತಿಫಲಕಗಳು ಇವನ್ನು ಒಂದೊಂದಾಗಿ ನೋಡಿ. ಸೈಡ್ ಸ್ಟ್ಯಾಂಡು ಸುಮಾರು 300 ಗ್ರಾಂ, ಕ್ಯಾರಿಯರ್ ಅರ್ಧ ಕೆ.ಜಿ.ಗಿಂತ ಹೆಚ್ಚು ಇರುವುದು ಸಾಮಾನ್ಯ. ಒಂದು ರೂಪಾಯಿಯ ಖರ್ಚಿಲ್ಲದೆ ಮುಕ್ಕಾಲು ಕೆ.ಜಿ. ಇಳಿಯುವ ಹಂತ ಇದೊಂದೇ. ಪ್ರತಿಫಲಕ ಮತ್ತು ಗಂಟೆಗಳನ್ನು ಮಾತ್ರ ತೆಗೆಯಬೇಡಿ, ಅವುಗಳ ತೂಕ ಲೆಕ್ಕಕ್ಕೆ ಬರುವಷ್ಟಿಲ್ಲ. ಮಡ್‌ಗಾರ್ಡಿನ ವಿಷಯದಲ್ಲಿ ಊರಿಗೊಂದು ಉತ್ತರವಿದೆ: ವಿಜಯಪುರದವರು ವರ್ಷದ ಬಹುಭಾಗ ಅದಿಲ್ಲದೆ ಓಡಿಸಬಹುದು, ಬೆಳಗಾವಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ತೆಗೆದರೆ ಬೆನ್ನಿನ ಮೇಲಿನ ಕೆಸರಿನ ಗೆರೆಯೊಂದಿಗೇ ಕಚೇರಿ ತಲುಪುತ್ತಾರೆ.

ಮುಂದೆ ಬದಲಿಸುವ ಪ್ರತಿಯೊಂದು ಹಳೆಯ ಭಾಗವನ್ನೂ ಬಿಚ್ಚಿದ ಕೂಡಲೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಜಾಹೀರಾತಿನಲ್ಲಿ ಹೊಸ ಭಾಗದ ತೂಕ ಮಾತ್ರ ಇರುತ್ತದೆ. ಹಳೆಯದರ ತೂಕ ಗೊತ್ತಿಲ್ಲದಿದ್ದರೆ ನೀವು ಉಳಿಸಿದ್ದು 300 ಗ್ರಾಮೋ 30 ಗ್ರಾಮೋ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಹಂತ 2: ಕೊಳ್ಳುವ ಮೊದಲು ಆರು ಅಳತೆಗಳು

ಹಣ ವ್ಯರ್ಥವಾಗುವುದು ಹೆಚ್ಚಾಗಿ ಈ ಹಂತವನ್ನು ಹಾರಿ ಮುಂದೆ ಹೋದವರದ್ದು. ಮಡಚುವ ಸೈಕಲ್ಲುಗಳ ಅಳತೆಗಳು ಸಾಮಾನ್ಯ ಸೈಕಲ್ಲಿನ ಅಳತೆಗಳಿಗಿಂತ ಭಿನ್ನ, ಮತ್ತು ಒಂದು ಕಂಪನಿಯಿಂದ ಇನ್ನೊಂದಕ್ಕೂ ಭಿನ್ನ.

ಮೊದಲನೆಯದು ಚಕ್ರದ ಅಳತೆ. "20 ಇಂಚು" ಎಂಬ ಮಾತನ್ನು ನಂಬಬೇಡಿ. ಟೈರಿನ ಬದಿಯಲ್ಲಿ 40-406 ಎಂಬಂತೆ ಎರಡು ಸಂಖ್ಯೆಗಳು ಅಚ್ಚಾಗಿರುತ್ತವೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 20 ಇಂಚು ಎಂಬ ಒಂದೇ ಹೆಸರಿನಲ್ಲಿ 406 ಮತ್ತು 451 ಎಂಬ ಎರಡು ಅಳತೆಗಳಿವೆ, ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 16 ಇಂಚಿನಲ್ಲಿಯೂ ಹೀಗೆಯೇ 305 ಮತ್ತು 349 ಎಂಬ ಎರಡಿವೆ. ಬ್ರಾಂಪ್ಟನ್ ಕಂಪನಿಯ ಮಡಚುವ ಸೈಕಲ್ಲಿನದು 349. ನನ್ನ ಸಲಹೆ 406. ಮಕ್ಕಳ 20 ಇಂಚಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇದೇ ಅಳತೆ ಇರುವುದರಿಂದ, ಹೊರಗಿನಿಂದ ತರಿಸಿದ ಟೈರು ಹರಿದ ದಿನ ತಾಲ್ಲೂಕು ಕೇಂದ್ರದ ಯಾವುದೇ ಸೈಕಲ್ ಅಂಗಡಿಯಲ್ಲಿ ಬದಲಿ ಟೈರು, ಟ್ಯೂಬು ಸಿಗುತ್ತವೆ. 451ಕ್ಕೆ ಆ ಅನುಕೂಲವಿಲ್ಲ.

406 ಚಕ್ರದ ಜಾಗದಲ್ಲಿ 451 ಹಾಕಿ ವೇಗ ಹೆಚ್ಚಿಸಬೇಕೆಂಬ ಆಸೆ ಹಲವರಿಗಿದೆ. ರಿಮ್ಮಿನ ಅಂಚು ಆಗ 22.5 ಮಿ.ಮೀ. ಹೊರಗೆ ಸರಿಯುತ್ತದೆ, ಹಳೆಯ ಬ್ರೇಕ್ ರಬ್ಬರು ಅಲ್ಲಿಗೆ ಎಟಕುವುದಿಲ್ಲ. ಮಡಚಿದ ಗಾತ್ರವೂ ದೊಡ್ಡದಾಗುತ್ತದೆ.

ಎರಡನೆಯದು ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವೆಯ, ಒಳ ಅಗಲ. ಚಕ್ರ ತೆಗೆದು, ಹಬ್ (ಚಕ್ರದ ನಡುವಿನ, ಕಡ್ಡಿಗಳು ಕೂಡುವ ಭಾಗ) ಕೂರುವ ಎರಡು ತುದಿಗಳ ಒಳಮೈಗಳ ನಡುವಿನ ಅಂತರ ಅಳೆಯಿರಿ. ಸಾಮಾನ್ಯ ಸೈಕಲ್ಲಿನಲ್ಲಿ ಇದು 100 ಮಿ.ಮೀ., ಡಾಹೊನ್ ಕಂಪನಿಯ ಮಾದರಿಯ ಮಡಚುವ ಚೌಕಟ್ಟುಗಳಲ್ಲಿ 74 ಮಿ.ಮೀ. ನಾನು ಮೊದಲ ಸಲ ಅಳೆಯದೆಯೇ 100 ಮಿ.ಮೀ. ಹಬ್ ತರಿಸಿಕೊಂಡೆ, ಅದು ಇಂದಿಗೂ ಮನೆಯ ಅಟ್ಟದ ಮೇಲಿದೆ. ಫೋರ್ಕನ್ನು ಎಳೆದು ಅಗಲಿಸಿ ಕೂರಿಸುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ.

ಮೂರನೆಯದು ಹಿಂಭಾಗದ ಒಳ ಅಗಲ, ಸಾಮಾನ್ಯವಾಗಿ 130 ಅಥವಾ 135 ಮಿ.ಮೀ. ಉಕ್ಕಿನ ಚೌಕಟ್ಟನ್ನು ಅನುಭವಿ ಮಿಸ್ತ್ರಿಗಳು ಕೆಲವು ಮಿಲಿಮೀಟರು ಹಿಗ್ಗಿಸಬಲ್ಲರು, ಅಲ್ಯೂಮಿನಿಯಂ ಚೌಕಟ್ಟನ್ನು ಹಾಗೆ ಮಾಡಿದರೆ ಬೆಸುಗೆಯ ಬಳಿ ಬಿರುಕು ಬಿಡುತ್ತದೆ. 130ರ ಹಬ್ಬನ್ನು 135ರ ಚೌಕಟ್ಟಿಗೆ ಹಾಕಬೇಕಾದಾಗ, ಅಚ್ಚಿನಲ್ಲಿ ಸಾಕಷ್ಟು ಉದ್ದವಿದ್ದರೆ ಎರಡೂ ಬದಿಗೆ 2.5 ಮಿ.ಮೀ. ದಪ್ಪದ ಉಂಗುರಗಳನ್ನು ಲೇತಿನಲ್ಲಿ ಕಡೆಸಿ ಹಾಕಬಹುದು. ಉದ್ಯಮಬಾಗದಲ್ಲಿ ಇದು ಹತ್ತು ನಿಮಿಷದ ಕೆಲಸ.

ನಾಲ್ಕನೆಯದು ಸೀಟಿನ ಕಂಬದ ಹೊರವ್ಯಾಸ. ಅನೇಕ 20 ಇಂಚಿನ ಸೈಕಲ್ಲುಗಳಲ್ಲಿ 33.9 ಮಿ.ಮೀ., ಬ್ರಾಂಪ್ಟನ್‌ನಲ್ಲಿ 31.8. ಇಲ್ಲಿ ಅರ್ಧ ಮಿಲಿಮೀಟರಿನ ತಪ್ಪೂ ನಡೆಯುವುದಿಲ್ಲ. ಟೇಪು ಬಿಟ್ಟು ವರ್ನಿಯರಿನಿಂದಲೇ ಅಳೆಯಿರಿ.

ಐದನೆಯದು ಪೆಡಲ್ ಅಚ್ಚು ಕೂರುವ ಕೊಳವೆಯ ಅಗಲ, ಅದನ್ನು ಬಾಟಮ್ ಬ್ರಾಕೆಟ್ ಎನ್ನುತ್ತಾರೆ. 68 ಮಿ.ಮೀ. ಇದ್ದರೆ ಅದು ಬಹುತೇಕ ಬ್ರಿಟಿಷ್ ಮರೆಯದ್ದು (ಮರೆ ಎಂದರೆ ತಿರುಪಿನ ಸುರುಳಿ ಗೆರೆ), ಭಾಗಗಳು ಸುಲಭವಾಗಿ ಸಿಗುತ್ತವೆ. ಆರನೆಯದು ಹ್ಯಾಂಡಲ್ ಹಿಡಿಯುವ ಕ್ಲಾಂಪಿನ ವ್ಯಾಸ: 25.4 ಅಥವಾ 31.8 ಮಿ.ಮೀ.

ಈ ಆರನ್ನೂ ಒಂದು ಚೀಟಿಯಲ್ಲಿ ಬರೆದು ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳಿ. ಅಂಗಡಿಯಲ್ಲಿ "ಎಲ್ಲಾದಕ್ಕೂ ಕೂಡ್ತದ್ರಿ" ಎಂಬ ಉತ್ತರ ಬಂದಾಗ ಆ ಚೀಟಿ ತೆಗೆಯಿರಿ.

ಹಂತ 3: ಕೀಲುಗಳ ತಪಾಸಣೆ

ಚೌಕಟ್ಟಿನ ನಡುವಿನ ಕೀಲು, ಹ್ಯಾಂಡಲ್ ಕಂಬದ ಬುಡದ ಕೀಲು, ಫೋರ್ಕು: ಈ ಮೂರರಿಂದ ಒಂದು ಗ್ರಾಮನ್ನೂ ಕಡಿಮೆ ಮಾಡಲು ಹೋಗಬೇಡಿ. ಓಡುವಾಗ ಇವುಗಳಲ್ಲಿ ಯಾವುದು ಕೈಕೊಟ್ಟರೂ ಸವಾರ ನೇರವಾಗಿ ಮುಖದ ಮೇಲೆ ಬೀಳುತ್ತಾನೆ. ಕೀಲಿನ ಟೈಟಾನಿಯಂ ಬೋಲ್ಟು, ಟೊಳ್ಳು ಪಿನ್ನುಗಳೆಂದು ಮಾರುವ ವಸ್ತುಗಳನ್ನು ನಾನಂತೂ ಹಾಕುವುದಿಲ್ಲ.

ಚೌಕಟ್ಟಿನ ಕೀಲನ್ನು ತೆರೆದು ಎರಡೂ ಮೈಗಳನ್ನು ಬಟ್ಟೆಯಿಂದ ಒರೆಸಿ. ನಮ್ಮ ಎರೆಮಣ್ಣಿನ ನುಣ್ಣನೆಯ ಧೂಳು ಅಲ್ಲಿ ಕುಳಿತರೆ ಮೈಗಳು ಸವೆದು, ಕಿರುಗುಟ್ಟುವ ಸದ್ದು ಆರಂಭವಾಗುತ್ತದೆ. ಪಿನ್ನಿಗೆ ಮಾತ್ರ ತುಸು ಗ್ರೀಸ್ ಹಚ್ಚಿ, ಕೂಡುವ ಮೈಗಳನ್ನು ಒಣಗಿಯೇ ಬಿಡಿ. ಬೆಸುಗೆಯ ಅಂಚುಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದು ಬಣ್ಣದ ಬಿರುಕೋ ಲೋಹದ ಬಿರುಕೋ ಎಂದು ಕೆರೆದು ನೋಡಿಯೇ ಮುಂದುವರಿಯಿರಿ. ಲೋಹವೇ ಬಿರಿದಿದ್ದರೆ ಆ ಚೌಕಟ್ಟಿನ ಆಯುಷ್ಯ ಮುಗಿಯಿತು. ಆರ್ಗಾನ್ ವೆಲ್ಡಿಂಗ್ ಮಾಡಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ನಮ್ಮಲ್ಲಿ ಬೇಗ ಸಿಗುತ್ತದೆ, ಆದರೆ ಸೈಕಲ್ ಚೌಕಟ್ಟಿಗೆ ಬಳಸುವ 6061 ಜಾತಿಯ ಅಲ್ಯೂಮಿನಿಯಂ ತನ್ನ ಗಟ್ಟಿತನವನ್ನು ಪಡೆಯುವುದು ಕಾರ್ಖಾನೆಯ ಶಾಖ ಸಂಸ್ಕಾರದಿಂದ. ಬೆಸುಗೆಯ ಬಿಸಿ ತಾಗಿದ ಸುತ್ತಲಿನ ಜಾಗ ಆ ಗಟ್ಟಿತನವನ್ನು ಕಳೆದುಕೊಂಡು, ಮುಂದಿನ ಸಲ ಬೆಸುಗೆಯ ಪಕ್ಕದಲ್ಲಿಯೇ ಮುರಿಯುತ್ತದೆ.

ಕೀಲಿನ ಹಿಡಿಕೆ ಮುಚ್ಚುವಾಗ ಅರ್ಧ ದಾರಿಯಿಂದ ಬಿಗಿ ಹತ್ತಬೇಕು, ಕೊನೆಗೆ ಅಂಗೈ ಒತ್ತಿ ಮುಚ್ಚುವಂತಿರಬೇಕು. ಸಡಿಲವೆನಿಸಿದರೆ ಹೊಂದಾಣಿಕೆಯ ಬೋಲ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿನಂತೆ ತಿರುಗಿಸಿ ಪರೀಕ್ಷಿಸಿ.

ಹಂತ 4: ಚಕ್ರಗಳು

ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ಇಲ್ಲಿ ಮಾಡಿ. ಚಕ್ರದ ಅಂಚಿನ ತೂಕವನ್ನು ಸವಾರ ಮುಂದಕ್ಕೆ ಎಳೆಯುವುದಷ್ಟೇ ಅಲ್ಲ, ಪ್ರತಿ ಸಿಗ್ನಲ್ಲಿನ ನಂತರ ಮತ್ತೆ ತಿರುಗಿಸಲೂ ಬೇಕಾಗುತ್ತದೆ, ಹಾಗಾಗಿ ಅಲ್ಲಿ ಉಳಿದ ತೂಕ ಕಾಲಿಗೆ ತಿಳಿಯುತ್ತದೆ.

ಎರಡು ಪದರದ ಗೋಡೆಯಿರುವ ಅಲ್ಯೂಮಿನಿಯಂ ರಿಮ್, ಮುಚ್ಚಿದ ಬೇರಿಂಗಿನ ಹಬ್, ಮುಂದೆ 20 ಅಥವಾ 24 ಕಡ್ಡಿ, ಹಿಂದೆ 28 ಕಡ್ಡಿ: ಇದು 80 ಕೆ.ಜಿ.ವರೆಗಿನ ಸವಾರರಿಗೆ ಸಾಕು. ಅದಕ್ಕಿಂತ ಭಾರದವರು ಹಿಂದೆ 32 ಕಡ್ಡಿಯ ಮೇಲೆಯೇ ಇರಲಿ. ಹಿಂದಿನ ಹಬ್ ಕೊಳ್ಳುವಾಗ ಒಂದು ಭೇದ ತಿಳಿದಿರಬೇಕು. ಅಗ್ಗದ ಸೈಕಲ್ಲುಗಳಲ್ಲಿ ಫ್ರೀವೀಲ್ ಇರುತ್ತದೆ, ಅಂದರೆ ಗೇರುಗಳೂ ಕಟಕಟ ಎನ್ನುವ ಯಂತ್ರವೂ ಒಂದೇ ಗಡ್ಡೆಯಾಗಿ ಹಬ್ಬಿನ ಮೇಲೆ ತಿರುಪಿನಂತೆ ಕೂರುತ್ತವೆ. ಕ್ಯಾಸೆಟ್ ಹಬ್ಬಿನಲ್ಲಿ ಆ ಯಂತ್ರ ಹಬ್ಬಿನೊಳಗೇ ಇದ್ದು, ಗೇರುಗಳ ಗುಚ್ಛ ಮಾತ್ರ ಪ್ರತ್ಯೇಕ. ಫ್ರೀವೀಲಿನ ಅತಿ ಚಿಕ್ಕ ಗೇರಿಗೆ ಸಾಮಾನ್ಯವಾಗಿ 14 ಹಲ್ಲು, ಕ್ಯಾಸೆಟ್ಟಿನದಕ್ಕೆ 11. ಚಿಕ್ಕ ಚಕ್ರದ ಸೈಕಲ್ಲಿಗೆ ಈ ಮೂರು ಹಲ್ಲುಗಳ ವ್ಯತ್ಯಾಸವೇ ದೊಡ್ಡದು, ಕಾರಣವನ್ನು ಆರನೆಯ ಹಂತದಲ್ಲಿ ನೋಡೋಣ.

ಚಕ್ರವನ್ನು ನೀವೇ ಹೆಣೆಯುವುದಾದರೆ ಕಡ್ಡಿಯ ಉದ್ದದ ಬಗ್ಗೆ ಎಚ್ಚರ. ದೊಡ್ಡ ಸೈಕಲ್ಲಿನ ಕಡ್ಡಿ 290 ಮಿ.ಮೀ. ಆಸುಪಾಸಿನದಾದರೆ 406 ಚಕ್ರಕ್ಕೆ ಬೇಕಾದದ್ದು 170ರಿಂದ 190 ಮಿ.ಮೀ. ಇಷ್ಟು ಗಿಡ್ಡ ಕಡ್ಡಿಯನ್ನು ವಾಡಿಕೆಯಂತೆ ಮೂರು ಸಲ ಅಡ್ಡಹಾಯಿಸಿ ಹೆಣೆದರೆ ಅದು ರಿಮ್ಮಿನ ತೂತಿನ ಬಳಿ ಓರೆಯಾಗಿ ಬಾಗಿ, ಕೆಲವೇ ತಿಂಗಳಲ್ಲಿ ಅಲ್ಲಿಯೇ ತುಂಡಾಗುತ್ತದೆ. ಹಿಂದೆ ಒಂದು ಅಥವಾ ಎರಡು ಅಡ್ಡಹಾಯಿಕೆ ಸಾಕು. ಮುಂದಿನ ಚಕ್ರದ ಕಡ್ಡಿಗಳನ್ನು ನೇರವಾಗಿ ಹೂಡಬಹುದು, ಆದರೆ ಹಬ್ ತಯಾರಕರು ಅದಕ್ಕೆ ಅನುಮತಿಸಿದ್ದರೆ ಮಾತ್ರ. ಹೊಸಬರು ಈ ಒಂದು ಕೆಲಸವನ್ನು ಬಲ್ಲವರಿಗೆ ಕೊಡುವುದೇ ಲೇಸು. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆ ಸ್ಪರ್ಧಾ ಸೈಕ್ಲಿಂಗ್ ಬೇರೂರಿರುವುದರಿಂದ, ರೇಸಿನ ಚಕ್ರ ಹೆಣೆದು ಕೈ ಪಳಗಿದ ಮಿಸ್ತ್ರಿಗಳು ಈ ಭಾಗದಲ್ಲಿ ಸಿಗುತ್ತಾರೆ. ಸೈಕಲ್ ಪಟುಗಳನ್ನು ವಿಚಾರಿಸಿದರೆ ಅಂಗಡಿ ತಿಳಿಯುತ್ತದೆ.

ರಿಮ್ಮಿನ ಗಾಳಿ ತೂತನ್ನೂ ನೋಡಿ. 6.5 ಮಿ.ಮೀ. ತೂತಿಗೆ ಪ್ರೆಸ್ಟಾ ಎಂಬ ಸಪೂರ ಕೊಳವೆಯ ಟ್ಯೂಬು ಬೇಕು, 8.5 ಮಿ.ಮೀ. ತೂತಿಗೆ ಸ್ಕೂಟರಿನಲ್ಲಿರುವಂಥ ಶ್ರೇಡರ್ ಕೊಳವೆ ಕೂರುತ್ತದೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಯಂತ್ರ ಎರಡನೆಯದಕ್ಕೇ ಹೊಂದುವುದರಿಂದ ನಾನು ಅದನ್ನೇ ಆಯುತ್ತೇನೆ.

ಹಂತ 5: ಟೈರ್ ಮತ್ತು ಜಾಲಿಮುಳ್ಳು

ತಂತಿಯ ಅಂಚಿನ ದಪ್ಪ ಟೈರು ತಲಾ 500ರಿಂದ 600 ಗ್ರಾಂ ತೂಗಿದರೆ, ಮಡಚಬಲ್ಲ ಅಂಚಿನ ತೆಳು ಟೈರು 250 ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಎರಡು ಟೈರಿಗೆ ಅರ್ಧ ಕೆ.ಜಿ.ಗಿಂತ ಹೆಚ್ಚು ಉಳಿತಾಯ ಎಂದು ಹಿಗ್ಗುವ ಮುನ್ನ ನಿಮ್ಮ ರಸ್ತೆಯ ಬದಿಯನ್ನೊಮ್ಮೆ ನೋಡಿ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಬದಿಯ ಜಾಲಿಯ ಮುಳ್ಳು ತೆಳು ಟೈರನ್ನು ಗೋಣಿಸೂಜಿ ಚುಚ್ಚಿದಂತೆ ದಾಟಿಬಿಡುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಂದ ತಪ್ಪಿಸಿಕೊಳ್ಳಲು ಸೈಕಲ್ಲು ಡಾಂಬರು ಬಿಟ್ಟು ಆ ಮುಳ್ಳಿನ ಅಂಚಿಗೇ ಇಳಿಯಬೇಕಾಗುತ್ತದೆ.

ಆದ್ದರಿಂದ ಇಲ್ಲಿ ಅತಿ ಹಗುರವಾದುದನ್ನು ಆಯಬೇಡಿ. ಒಳಗೆ ಮುಳ್ಳು ತಡೆಯುವ ಪದರವಿರುವ, 40 ಮಿ.ಮೀ. ಅಗಲದ, 350ರಿಂದ 400 ಗ್ರಾಮಿನ ಟೈರು ನಮ್ಮ ಕಡೆಗೆ ಸರಿಯಾದ ಮಧ್ಯಮ ಮಾರ್ಗ. ಶ್ವಾಲ್ಬೆ ಮ್ಯಾರಥಾನ್ ರೇಸರ್ 40-406 ಈ ವರ್ಗದ್ದು. ಅದೇ ಕಂಪನಿಯ ಕೊಜಾಕ್ 35-406 ಇನ್ನೂ ಹಗುರ, ಮೈ ಪೂರ್ತಿ ನುಣುಪು. ಬೆಳಗಾವಿಯ ಕ್ಯಾಂಪ್, ಟಿಳಕವಾಡಿಯ ಡಾಂಬರಿನ ಮೇಲೆ ಬೇಸಿಗೆಯಲ್ಲಿ ಸೊಗಸಾಗಿ ಓಡುತ್ತದೆ, ಆದರೆ ಹಳ್ಳಿಯ ದಾರಿಗೆ ಅದು ತಕ್ಕದ್ದಲ್ಲ. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಟ್ಯೂಬುಗಳು ಕಪ್ಪು ರಬ್ಬರ್ ಟ್ಯೂಬಿನ ಮೂರನೆಯ ಒಂದು ಭಾಗದಷ್ಟೇ ತೂಗುತ್ತವೆ, ಆದರೆ ಅವುಗಳಿಗೆ ಬೇರೆಯೇ ಪ್ಯಾಚು ಬೇಕು. ಸಾಮಾನ್ಯ ಪಂಕ್ಚರ್ ಅಂಗಡಿಯ ಸೊಲ್ಯೂಶನ್ ಅವಕ್ಕೆ ಹತ್ತುವುದಿಲ್ಲ.

ಗಾಳಿಯನ್ನು ಟೈರಿನ ಬದಿಯಲ್ಲಿ ಬರೆದ ಕನಿಷ್ಠ ಮತ್ತು ಗರಿಷ್ಠದ ನಡುವೆ ಇಡಿ. ಚಿಕ್ಕ ಚಕ್ರ ಪ್ರತಿ ತಗ್ಗಿಗೂ ಇಳಿದು ಏಳುವುದರಿಂದ, ಗರಿಷ್ಠಕ್ಕೆ ತುಂಬಿಸಿದರೆ ಸೊಂಟಕ್ಕೆ ಹೊಡೆತ ಬೀಳುತ್ತದೆ.

ಹಂತ 6: ಕ್ರ್ಯಾಂಕ್, ಚೈನ್, ಗೇರ್

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 40-406 ಟೈರಿನ ಸುತ್ತಳತೆ ಸುಮಾರು 1.53 ಮೀಟರ್, ಅಂದರೆ ಚಕ್ರ ಒಂದು ಸುತ್ತು ತಿರುಗಿದರೆ ಸೈಕಲ್ಲು ಅಷ್ಟು ಮುಂದೆ ಹೋಗುತ್ತದೆ. ದೊಡ್ಡ ಸೈಕಲ್ಲಿನ ಚಕ್ರಕ್ಕೆ ಇದು 2.1 ಮೀಟರಿಗಿಂತ ಹೆಚ್ಚು. ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ಕಾಣಲು ಮುಂದಿನ ಚಕ್ರಪಲ್ಲದ (ಕ್ರ್ಯಾಂಕಿಗೆ ಕೂಡಿಸಿದ ಹಲ್ಲಿನ ಚಕ್ರ) ಹಲ್ಲುಗಳನ್ನು ಹಿಂದಿನ ಗೇರಿನ ಹಲ್ಲುಗಳಿಂದ ಭಾಗಿಸಿ 1.53ರಿಂದ ಗುಣಿಸಬೇಕು. ಮುಂದೆ 46, ಹಿಂದೆ 14 ಇದ್ದರೆ ಸುಮಾರು 5 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೂ ಗಂಟೆಗೆ 24 ಕಿ.ಮೀ. ಮುಂದೆ 52, ಹಿಂದೆ 11 ಹಾಕಿದರೆ 7.2 ಮೀಟರ್, ಅದೇ ತುಳಿತಕ್ಕೆ ಸುಮಾರು 35 ಕಿ.ಮೀ. "ನನ್ನ ಮಡಚುವ ಸೈಕಲ್ಲಿನಲ್ಲಿ ಕಾಲು ಗಾಳಿಯಲ್ಲಿ ತಿರುಗುತ್ತದೆ, ವೇಗ ಬರುವುದಿಲ್ಲ" ಎಂಬ ದೂರಿಗೆ ಸಾಮಾನ್ಯವಾಗಿ ಕಾರಣ ಇದೇ.

ಏರು ಹತ್ತಲು ಬಳಸುವ ಕೆಳಗಿನ ಗೇರನ್ನು ಊರು ನೋಡಿ ಆಯಬೇಕು. ವಿಜಯಪುರದ ಬಯಲಿನಲ್ಲಿ ಎದುರುಗಾಳಿ ಒಂದೇ ಶತ್ರು, ಅಲ್ಲಿಗೆ 11–28 ಕ್ಯಾಸೆಟ್, ಅಂದರೆ ಅತಿ ಚಿಕ್ಕ ಗೇರಿಗೆ 11, ಅತಿ ದೊಡ್ಡದಕ್ಕೆ 28 ಹಲ್ಲಿನದು, ಸಾಕು. ಬೆಳಗಾವಿಯಿಂದ ಯಳ್ಳೂರ ಗಡವನ್ನೋ ಚೋರ್ಲಾ ಘಾಟಿನ ರಸ್ತೆಯನ್ನೋ ಏರುವವರಿಗೆ 11–32 ಬೇಕು. 52ಕ್ಕೆ 32 ಸೇರಿದರೆ ಪೆಡಲಿನ ಸುತ್ತಿಗೆ 2.5 ಮೀಟರಿನಷ್ಟೇ ದೂರ, ಏರುವುದು ಸುಲಭ.

ಎಷ್ಟು ಗೇರು ಎಂಬ ಪ್ರಶ್ನೆಗೆ ನನ್ನ ಉತ್ತರ ಎಂಟು. ಎಂಟು ಗೇರಿನ ಚೈನು, ಕ್ಯಾಸೆಟ್ಟು ಅಗ್ಗ, ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತವೆ, ಧೂಳಿನಲ್ಲಿ ಹೊಂದಾಣಿಕೆ ಬೇಗ ತಪ್ಪುವುದಿಲ್ಲ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ ಡಿರೇಲರ್ ಎಂದು ಹೆಸರು. ಶಿಮಾನೊ ಕಂಪನಿಯ 8 ಮತ್ತು 9 ಗೇರಿನ ಭಾಗಗಳಲ್ಲಿ ರಸ್ತೆ ಸೈಕಲ್ಲಿನ ಹಿಂದಿನ ಡಿರೇಲರನ್ನೂ ಬೆಟ್ಟದ ಸೈಕಲ್ಲಿನ ಶಿಫ್ಟರನ್ನೂ (ಹ್ಯಾಂಡಲ್ ಮೇಲಿನ ಗೇರು ಬದಲಿಸುವ ಹಿಡಿಕೆ) ಕೂಡಿಸಬಹುದು. 10 ಗೇರಿನಲ್ಲಿ ಎರಡರ ಕೇಬಲ್ ಎಳೆತ ಬೇರೆಯಾದ್ದರಿಂದ ಹಾಗೆ ಕೂಡಿಸಲಾಗದು. ಉದ್ದ ಕಾಲಿನ ಡಿರೇಲರ್ ಹಾಕಬೇಡಿ. ಚಿಕ್ಕ ಚಕ್ರದಲ್ಲಿ ಅದು ನೆಲಕ್ಕೆ ತೀರ ಹತ್ತಿರ ಬಂದು, ಮೊದಲ ರಸ್ತೆಯುಬ್ಬಿಗೇ ಕಲ್ಲಿಗೆ ತಾಗುತ್ತದೆ.

ಕ್ರ್ಯಾಂಕ್ ಬಿಚ್ಚುವಾಗ ಮರೆಯ ದಿಕ್ಕು ನೆನಪಿರಲಿ. ಬ್ರಿಟಿಷ್ ಮರೆಯ ಬಾಟಮ್ ಬ್ರಾಕೆಟ್ಟಿನ ಬಲಗಡೆಯ, ಅಂದರೆ ಚೈನಿರುವ ಕಡೆಯ ಬಟ್ಟಲು ಎಡಮರೆಯದು. ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡ ಪೆಡಲ್ ಕೂಡ ಹಾಗೆಯೇ. ಈ ಎರಡರ ಮೇಲೆ ತಪ್ಪು ದಿಕ್ಕಿಗೆ ಬಲ ಹಾಕಿ ಮರೆ ಕೆಡಿಸಿಕೊಂಡವರು ಬಹಳ ಮಂದಿ. ಉಕ್ಕಿನ ಕ್ರ್ಯಾಂಕ್ ತೆಗೆದು ಅಲ್ಯೂಮಿನಿಯಂ ಹಾಕಿದರೆ ಸುಮಾರು 300 ಗ್ರಾಂ ಇಳಿಯುತ್ತದೆ. ಬೇರಿಂಗು ಹೊರಗಿರುವ ಟೊಳ್ಳು ಅಚ್ಚಿನ ಕ್ರ್ಯಾಂಕು ಇನ್ನಷ್ಟು ಹಗುರವೇನೋ ನಿಜ, ಆದರೆ ಬೆಳಗಾವಿಯ ಮಳೆಗಾಲದ ಕೆಸರುನೀರಿಗೆ ಆ ಬೇರಿಂಗುಗಳು ಬೇಗ ಸೋಲುತ್ತವೆ. ಮುಚ್ಚಿದ ಕಾರ್ಟ್ರಿಡ್ಜ್ ಬಾಟಮ್ ಬ್ರಾಕೆಟ್ಟಿನ ಚೌಕ ಅಚ್ಚೇ ನನಗೆ ಹಿತ.

ಮುಂದೆ ಒಂದೇ ಚಕ್ರಪಲ್ಲ ಇದ್ದಾಗ ಸೈಕಲ್ ಮಡಚಿದ ಕ್ಷಣ ಚೈನ್ ಕಳಚಿಕೊಳ್ಳುವುದು ಮಾಮೂಲು ತೊಂದರೆ. ಒಂದು ಹಲ್ಲು ದಪ್ಪ, ಒಂದು ಹಲ್ಲು ತೆಳುವಾಗಿ ಕೊರೆದ ಚಕ್ರಪಲ್ಲ ಹಾಕಿದರೆ ಅಥವಾ ಒಳಬದಿಗೆ ಚೈನ್ ತಡೆ ಕೂರಿಸಿದರೆ ಇದು ನಿಲ್ಲುತ್ತದೆ.

ಹಂತ 7: ಸೀಟಿನ ಕಂಬ, ಸೀಟು, ಹ್ಯಾಂಡಲ್, ಪೆಡಲ್

ಮಡಚುವ ಸೈಕಲ್ಲಿನ ಸೀಟಿನ ಕಂಬ 58 ಸೆಂ.ಮೀ.ಗೂ ಹೆಚ್ಚು ಉದ್ದವಿರುವುದರಿಂದ ಅದರಲ್ಲಿ ತೂಕ ಅಡಗಿರುತ್ತದೆ. ತೆಳುಗೋಡೆಯ ಅಲ್ಯೂಮಿನಿಯಂ ಕಂಬ ಹಾಕಿ 150 ಗ್ರಾಂ ಉಳಿಸಬಹುದು. ಕಾರ್ಬನ್ ಕಂಬ ಬೇಡ. ದಿನಕ್ಕೆ ನಾಲ್ಕು ಸಲ ಮೇಲೆ ಕೆಳಗೆ ಎಳೆಯುವ ಕಂಬದ ಮೇಲೆ ಧೂಳು ಗೀರು ಹಾಕುತ್ತದೆ, ಕಾರ್ಬನ್ನಿನಲ್ಲಿ ಗೀರು ಆಳವಾದರೆ ಮುರಿತಕ್ಕೆ ದಾರಿ. ಯಾವ ಕಂಬವೇ ಇರಲಿ, ಅದರ ಮೇಲಿನ ಕನಿಷ್ಠ ಒಳಸೇರುವಿಕೆಯ ಗೆರೆ ಹೊರಗೆ ಕಾಣುವಂತೆ ಎತ್ತರಿಸಬಾರದು. ಕಂಬಕ್ಕೆ ದಪ್ಪ ಗ್ರೀಸ್ ಹಚ್ಚಿದರೆ ಸವಾರಿಯ ನಡುವೆ ಕುಸಿಯುತ್ತದೆ; ಬಟ್ಟೆಯಿಂದ ಒರೆಸಿ ಒಣಗಿಡಿ.

ಸ್ಪ್ರಿಂಗಿನ ಅಗಲ ಸೀಟಿನ ಬದಲು 250 ಗ್ರಾಮಿನದು ಹಾಕಿದರೆ 300 ಗ್ರಾಂ ಇಳಿಯುತ್ತದೆ. ಆದರೆ ಕೊಳ್ಳುವ ಮೊದಲು ಗೆಳೆಯರ ಸೀಟಿನ ಮೇಲೆ ಒಂದು ಗಂಟೆ ಕುಳಿತು ನೋಡಿ. ಪೆಡಲಿನಲ್ಲಿ, ಒತ್ತಿ ತೆಗೆಯಬಹುದಾದ ಅಲ್ಯೂಮಿನಿಯಂ ಜೋಡಿ ಒಳ್ಳೆಯದು. ಸೈಕಲ್ಲು ಮಡಚಿದಾಗ ಅಗಲವೂ ಕಡಿಮೆಯಾಗುತ್ತದೆ. ಹ್ಯಾಂಡಲ್ಲನ್ನು ಕತ್ತರಿಸುವ ಮೊದಲು ಟೇಪು ಸುತ್ತಿ ಎರಡು ವಾರ ಆ ಅಗಲಕ್ಕೇ ಕೈಯಿಟ್ಟು ಓಡಿಸಿ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ಹಂತ 8: ಬ್ರೇಕು ಮತ್ತು ಕೇಬಲ್ಲುಗಳು

ಬ್ರೇಕಿನಲ್ಲಿ ತೂಕ ಉಳಿಸುವ ವಿಚಾರವನ್ನೇ ಬಿಡಿ. ವಿ-ಬ್ರೇಕಿಗೆ, ಅಂದರೆ ಎರಡು ಉದ್ದ ತೋಳುಗಳು ರಿಮ್ಮನ್ನು ಅದುಮುವ ಬ್ರೇಕಿಗೆ, ಉದ್ದ ಎಳೆತದ ಹಿಡಿಕೆಯೇ ಬೇಕು. ರೇಸ್ ಸೈಕಲ್ಲಿನ ಹಿಡಿಕೆ ಹಾಕಿದರೆ ಅದು ಕೇಬಲ್ಲನ್ನು ಸಾಕಷ್ಟು ಎಳೆಯುವುದಿಲ್ಲ. ಬ್ರೇಕಿನ ಹೊರಕೊಳವೆಯ ಒಳಗೆ ತಂತಿ ಸುರುಳಿಯಾಗಿರುತ್ತದೆ, ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ನೆಟ್ಟಗಿರುತ್ತವೆ. ಗೇರಿನ ಕೊಳವೆಯನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಒತ್ತಿದಾಗ ಅದು ಸಿಡಿದು ಬ್ರೇಕು ಪೂರ್ತಿ ಹೋಗುತ್ತದೆ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುವುದರಿಂದ ಕತ್ತರಿಸಿದ ತುದಿಯನ್ನು ನೋಡಿಯೇ ಬಳಸಿ.

ಉದ್ದ ನಿರ್ಧರಿಸುವಾಗ ಸೈಕಲ್ಲನ್ನು ಮೂರು ಸ್ಥಿತಿಯಲ್ಲಿ ನೋಡಬೇಕು: ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ನಂತರ ಮಡಚಿ. ಮೂರರಲ್ಲಿ ಅತಿ ಉದ್ದ ಬೇಡುವುದಕ್ಕೆ ತಕ್ಕಂತೆ ಕತ್ತರಿಸಿ. ಚೆನ್ನಾಗಿ ಕಾಣಲೆಂದು ಗಿಡ್ಡ ಮಾಡಿದವರ ಕೇಬಲ್ಲು ಕೀಲಿನ ಬಳಿ ಮುರಿದು ಬಾಗಿ, ಒಂದು ತಿಂಗಳಲ್ಲಿ ಗೇರು ಬೀಳುವುದೇ ನಿಲ್ಲುತ್ತದೆ.

ಹಂತ 9: ಬಿಗಿತ ಮತ್ತು ಪರೀಕ್ಷೆ

ಭಾಗದ ಮೇಲೆ ಅಂಕಿ ಬರೆದಿದ್ದರೆ ಅದೇ ಅಂತಿಮ. ಬರೆದಿಲ್ಲದಿದ್ದರೆ ಹ್ಯಾಂಡಲ್ ಕ್ಲಾಂಪಿನ ಬೋಲ್ಟುಗಳಿಗೆ 5ರಿಂದ 6, ಚೌಕ ಅಚ್ಚಿನ ಕ್ರ್ಯಾಂಕ್ ಬೋಲ್ಟಿಗೆ 35ರಿಂದ 45, ಕ್ಯಾಸೆಟ್ಟಿನ ಬಿಗಿಯುಂಗುರಕ್ಕೆ 40, ಪೆಡಲಿಗೆ 35 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಿ. ಪೆಡಲಿನ ಮರೆಗೆ ಗ್ರೀಸ್ ಹಚ್ಚದಿದ್ದರೆ ಮುಂದಿನ ವರ್ಷ ಬಿಚ್ಚಲು ಎರಡಾಳು ಬೇಕಾಗುತ್ತದೆ.

ಓಡಿಸುವ ಮೊದಲು ಅಂಗಳದಲ್ಲಿಯೇ ಇಪ್ಪತ್ತು ಸಲ ಮಡಚಿ ಬಿಚ್ಚಿ, ಪ್ರತಿ ಸಲ ಕೀಲಿನ ಹಿಡಿಕೆ ಮತ್ತು ಅದರ ಸುರಕ್ಷಾ ಕೊಂಡಿ ಸರಿಯಾಗಿ ಕೂರುತ್ತವೆಯೇ ನೋಡಿ. ಅನಂತರ ವಾಹನ ಕಡಿಮೆಯಿರುವ ಜಾಗದಲ್ಲಿ, ಬಾಗಲಕೋಟೆಯವರಾದರೆ ನವನಗರದ ಅಗಲ ರಸ್ತೆಯಲ್ಲಿ ಬೆಳಗಿನ ಹೊತ್ತು, ನಿಧಾನಕ್ಕೆ ಓಡಿಸಿ. ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಬೇಡಿ: ಚಕ್ರಗಳ ನಡುವಿನ ಅಂತರ ಕಡಿಮೆ, ಸವಾರ ಎತ್ತರದಲ್ಲಿ ಕುಳಿತಿರುತ್ತಾನೆ, ಸೈಕಲ್ಲು ಮುಂದಕ್ಕೆ ಪಲ್ಟಿಯಾಗುವ ಸಂಭವ ದೊಡ್ಡ ಸೈಕಲ್ಲಿಗಿಂತ ಹೆಚ್ಚು. 50 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟುಗಳನ್ನೂ, ಮುಖ್ಯವಾಗಿ ಕ್ರ್ಯಾಂಕಿನವನ್ನು, ಮತ್ತೆ ಪಾನಾ ಹಾಕಿ ನೋಡಿ. ಹೊಸ ಕಡ್ಡಿಗಳೂ ಅಷ್ಟರಲ್ಲಿ ಸಡಿಲಗೊಂಡಿರುತ್ತವೆ, ಚಕ್ರದ ಬೆಂಡನ್ನು ಒಮ್ಮೆ ತೆಗೆಸಿ.

ಬಸ್ಸಿಗೆ, ರೈಲಿಗೆ ಹಾಕುವಾಗ

ಡಿಕ್ಕಿಯಲ್ಲಿ ಮಲಗಿಸುವಾಗ ಡಿರೇಲರ್ ಇರುವ ಬಲಬದಿ ಮೇಲಿರಲಿ. ಅದು ಕೆಳಗಾದರೆ ಅದನ್ನು ಹಿಡಿದಿರುವ ಹ್ಯಾಂಗರ್ ಎಂಬ ಚಿಕ್ಕ ಲೋಹದ ತುಂಡು ಬಾಗಿ, ಇಳಿದ ಮೇಲೆ ಯಾವ ಗೇರೂ ನಿಲ್ಲುವುದಿಲ್ಲ. ಈ ತುಂಡಿನ ಆಕಾರ ಚೌಕಟ್ಟಿಗೊಂದರಂತೆ ಬೇರೆ. ಸೈಕಲ್ಲಿನ ಜೊತೆಗೇ ಒಂದು ಬದಲಿ ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿರಿ. ರೈಲಿನ ಡಬ್ಬಿಯೊಳಗೆ ಒಯ್ಯುವ ಪೆಟ್ಟಿಗೆಗಳಿಗೆ 100×60×25 ಸೆಂ.ಮೀ. ಎಂಬ ಮಿತಿಯಿದೆ. ಮಡಚಿದ 20 ಇಂಚಿನ ಸೈಕಲ್ಲು ದಪ್ಪದಲ್ಲಿ ಅದನ್ನು ಮೀರುವುದರಿಂದ, ಪೆಡಲ್ ತೆಗೆದು ಚೀಲಕ್ಕೆ ಹಾಕಿದ ಮೇಲೂ ಒಮ್ಮೆ ಅಳೆದುಕೊಂಡು, ಮೀರಿದ್ದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಲು ಅರ್ಧ ಗಂಟೆ ಮೊದಲೇ ನಿಲ್ದಾಣಕ್ಕೆ ಹೋಗಿ.